ಹೊಸ್ತಿಲ ಆಚೆ ನಿಂತವರು

1908ನೇ ಇಸವಿ. ಬಾಂಬೆ ಹೈಕೋರ್ಟ್. ಪೀಠದಲ್ಲಿ ಇಬ್ಬರು ನ್ಯಾಯಮೂರ್ತಿಗಳು. ಒಬ್ಬರು ದಿನ್ಶಾ ದಾವರ್, ಸ್ವತಃ ಪಾರ್ಸಿ. ಇನ್ನೊಬ್ಬರು ಬೀಮನ್, ಬ್ರಿಟಿಷರು. ಮೇಲ್ನೋಟಕ್ಕೆ ಅದು ಟ್ರಸ್ಟ್ ಆಸ್ತಿಗೆ ಸಂಬಂಧಿಸಿದ ವ್ಯಾಜ್ಯ. ಆದರೆ ಅದರ ಹೊಟ್ಟೆಯೊಳಗೆ ಒಂದು ವಿಚಿತ್ರ ಪ್ರಶ್ನೆ ಕೂತಿತ್ತು. ಒಬ್ಬ ಹೆಣ್ಣುಮಗಳು ಅಗ್ನಿ ದೇವಾಲಯದ ಒಳಗೆ ಕಾಲಿಡಬಹುದಾ? ನಾಳೆ ಆಕೆ ತೀರಿಹೋದರೆ ದೇಹವನ್ನು ಪಾರ್ಸಿಗಳ ಮೌನ ಗೋಪುರಕ್ಕೆ ಒಯ್ಯಬಹುದಾ?

ಆಕೆಯ ಹೆಸರು ಸುಝಾನ್ ಬ್ರಿಯೇರ್. ಫ್ರಾನ್ಸಿನವರು. 1902ರಲ್ಲಿ ರತನ್‌ಜಿ ದಾದಾಭಾಯ್ ಟಾಟಾ ಅವರ ಕೈ ಹಿಡಿದರು. ಬಾಂಬೆಗೆ ಬಂದ ಮೇಲೆ ಪಾರ್ಸಿ ಧರ್ಮಗುರುಗಳ ಎದುರಿನಲ್ಲೇ ನವಜೋತ್ ಮಾಡಿಸಿಕೊಂಡರು. ನವಜೋತ್ ಅಂದರೆ ಪಾರ್ಸಿಗಳ ದೀಕ್ಷೆ. ಸುದ್ರೇ ಎಂಬ ಬಿಳಿ ಅಂಗಿ ತೊಟ್ಟಾಯಿತು. ಕಸ್ತಿ ಎಂಬ ಉಣ್ಣೆಯ ದಾರ ಸೊಂಟಕ್ಕೆ ಸುತ್ತಿದ್ದಾಯಿತು. ಹೇಳಬೇಕಾದ ಪ್ರಾರ್ಥನೆಗಳನ್ನೆಲ್ಲ ಹೇಳಿದ್ದಾಯಿತು. ಹೆಸರೂ ಸೂನಿ ಅಂತ ಬದಲಾಯಿತು. ಇನ್ನೇನು ಬಾಕಿ?

ಬಾಕಿ ಇತ್ತು. ಕೋರ್ಟ್ ಹೇಳಿದ ಮಾತಿನ ಸಾರ ಇಷ್ಟು: ಜರತುಷ್ಟ್ರನ ಧರ್ಮ ಹೊರಗಿನವರನ್ನು ಒಪ್ಪಿಕೊಳ್ಳುತ್ತದೆ, ನಿಜ. ಆದರೆ ಭಾರತದ ಪಾರ್ಸಿ ಸಮುದಾಯಕ್ಕೆ ಆ ರೂಢಿಯಿಲ್ಲ. ಆಕೆ ಧರ್ಮದೊಳಗೆ ಬಂದಿರಬಹುದು, ಸಮುದಾಯದೊಳಗೆ ಬಂದಿಲ್ಲ. ಆಕೆಯ ಮಕ್ಕಳು? ತಂದೆ ಪಾರ್ಸಿ, ಹಾಗಾಗಿ ವಿಧಿ ಪ್ರಕಾರ ದೀಕ್ಷೆಯಾದರೆ ಅವರು ಪಾರ್ಸಿಗಳೇ. ತಾಯಿ ಮಾತ್ರ ಹೊರಗೆ.

ಆ ಮಕ್ಕಳಲ್ಲಿ ಒಬ್ಬರಿಗೆ ಆಗ ನಾಲ್ಕು ವರ್ಷ. ಹೆಸರು ಜಹಾಂಗೀರ್. ಮುಂದೆ ಇಡೀ ದೇಶ ಅವರನ್ನು ಜೆಆರ್‌ಡಿ ಟಾಟಾ ಅಂತ ಕರೆಯಿತು.

ನಾನು ಈ ಕೇಸಿನಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಸಂಸ್ಕಾರ, ದೀಕ್ಷೆ, ಉಪನಯನ, ಬ್ಯಾಪ್ಟಿಸಂ, ಇವೆಲ್ಲ ಮನುಷ್ಯನಿಗೂ ದೇವರಿಗೂ ನಡುವಿನ ವ್ಯವಹಾರ ಅಂತ ನಾವು ಅಂದುಕೊಂಡಿದ್ದೇವೆ. ಹಾಗಿದ್ದರೆ ಸುಝಾನ್ ವಿಷಯದಲ್ಲಿ ಕೋರ್ಟಿಗೇನು ಕೆಲಸ? ದೇವರು ಒಪ್ಪಿದ್ದಾನೆ ಅಂತ ಪುರೋಹಿತರೇ ಹೇಳಿಯಾಗಿತ್ತು. ಒಪ್ಪಬೇಕಾಗಿದ್ದದ್ದು ಪಕ್ಕದ ಮನೆಯವರು. ಸಂಸ್ಕಾರ ಅನ್ನೋದು ದೇವರ ಎದುರು ನಡೆಯುತ್ತೆ. ಆದರೆ ಅದರ ರಿಜಿಸ್ಟರ್ ಇರುವುದು ಊರಿನವರ ಕೈಯಲ್ಲಿ. ಆ ರಿಜಿಸ್ಟರ್‌ನಲ್ಲಿ ಯಾರ ಹೆಸರು ಬರೆಯಬೇಕು, ಯಾರದ್ದು ಬರೆಯಬಾರದು ಅನ್ನೋ ಜಗಳದ ಕಥೆಯೇ ಸಂಸ್ಕಾರಗಳ ಇತಿಹಾಸ.

ಈ ತೀರ್ಪು ಬಂದ ಮರುವರ್ಷ, ಅಂದರೆ 1909ರಲ್ಲಿ, ಫ್ರಾನ್ಸಿನಲ್ಲಿ ಒಂದು ಪುಸ್ತಕ ಬಂತು. ಬರೆದವರು ಆರ್ನಲ್ಡ್ ವಾನ್ ಗೆನೆಪ್. ಪ್ರಪಂಚದ ನಾನಾ ಜನಾಂಗಗಳ ಹುಟ್ಟು, ದೀಕ್ಷೆ, ಮದುವೆ, ಸಾವಿನ ವಿಧಿಗಳನ್ನೆಲ್ಲ ಒಂದೆಡೆ ಹರವಿಕೊಂಡು ಅವರು ಕಂಡುಕೊಂಡ ಸತ್ಯ ಸರಳವಾಗಿತ್ತು. ದೇವರು ಬೇರೆ, ಭಾಷೆ ಬೇರೆ, ಊಟ ಬೇರೆ. ಆದರೆ ಒಳಗಿನ ಯಂತ್ರ ಒಂದೇ. ಅದಕ್ಕೆ ಮೂರೇ ಹಂತ. ಮೊದಲು ಹಳೆಯ ಜಾಗದಿಂದ ಬಿಡಿಸು. ಆಮೇಲೆ ಹೊಸ್ತಿಲ ಮೇಲೆ ನಿಲ್ಲಿಸು. ಕೊನೆಗೆ ಹೊಸ ಜಾಗಕ್ಕೆ ಸೇರಿಸು. ನಡುವಿನ ಹಂತವನ್ನು ಅವರು ಕರೆದಿದ್ದೇ ಹೊಸ್ತಿಲು ಅಂತ.

ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಸೊಸೆ ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುವುದನ್ನು ನೋಡದ ಕನ್ನಡಿಗ ಯಾರಿದ್ದಾರೆ? ಆ ಒಂದು ಕ್ಷಣ ಆಕೆ ತವರಿನವಳೂ ಅಲ್ಲ, ಗಂಡನ ಮನೆಯವಳೂ ಅಲ್ಲ. ಹೊಸ್ತಿಲಿನವಳು.

ಎಂಜಿನಿಯರಿಂಗ್ ಓದಿದವನಿಗೆ ಇಲ್ಲೊಂದು ಹೋಲಿಕೆ ಹೊಳೆಯದೇ ಇರಲ್ಲ. ಒಲೆಯ ಮೇಲೆ ನೀರಿಡಿ. ಕಾವು ಏರುತ್ತೆ, ಥರ್ಮಾಮೀಟರ್ ಏರುತ್ತೆ. 100 ಡಿಗ್ರಿ ಮುಟ್ಟಿದ ಮೇಲೆ ಎಷ್ಟೇ ಬೆಂಕಿ ಕೊಟ್ಟರೂ ಥರ್ಮಾಮೀಟರ್ ಅಲುಗಾಡಲ್ಲ. ಹಾಗಾದರೆ ಆ ಬೆಂಕಿಯೆಲ್ಲ ಎಲ್ಲಿಗೆ ಹೋಯ್ತು? ನೀರನ್ನು ಆವಿ ಮಾಡುವುದಕ್ಕೆ ಹೋಯ್ತು. ಗುಪ್ತೋಷ್ಣ ಅಂತ ಪಿಯುಸಿ ಪುಸ್ತಕದಲ್ಲಿ ಓದಿರುತ್ತೀರಿ. ಸಂಸ್ಕಾರದ ನಡುವಿನ ಹಂತವೂ ಹಾಗೇ. ಹೊರಗಿನಿಂದ ನೋಡಿದರೆ ಹೊಗೆ, ಮಂತ್ರ, ಖರ್ಚು. ಏನೂ ಬದಲಾದಂತೆ ಕಾಣಲ್ಲ. ಆದರೆ ಒಳಗೆ ಸ್ಥಿತಿಯೇ ಬದಲಾಗುತ್ತಿರುತ್ತೆ.

ಈಗ ಬೇರೆ ಬೇರೆ ಮನೆಗಳಿಗೆ ಹೋಗಿ ಬರೋಣ.

ಉಪನಯನದ ವಟು ತಲೆ ಬೋಳಿಸಿಕೊಳ್ಳುತ್ತಾನೆ. ಮುಸ್ಲಿಂ ಮನೆಯಲ್ಲಿ ಮಗು ಹುಟ್ಟಿದ ಏಳನೇ ದಿನ ಅಖೀಖಾ. ಮಗುವಿನ ತಲೆಗೂದಲು ತೆಗೆದು, ಅದರ ತೂಕದಷ್ಟು ಬೆಳ್ಳಿಯ ಬೆಲೆಯನ್ನು ದಾನ ಮಾಡುತ್ತಾರೆ. ಬೌದ್ಧ ಬಾಲಕ ಶ್ರಾಮಣೇರನಾಗುವಾಗಲೂ ಮೊದಲು ಹೋಗುವುದು ಕೂದಲೇ. ಬರ್ಮಾದಲ್ಲಿ ಆ ಹುಡುಗನಿಗೆ ಮೊದಲು ರಾಜಕುಮಾರ ಸಿದ್ಧಾರ್ಥನ ಹಾಗೆ ಅಲಂಕಾರ ಮಾಡಿ ಮೆರವಣಿಗೆ ಮಾಡುತ್ತಾರೆ. ಆಮೇಲೆ ಅದನ್ನೆಲ್ಲ ಕಳಚಿ ಕಾವಿ ಉಡಿಸುತ್ತಾರೆ. ಕೂದಲು ಹೋಯಿತು, ಹಳೆ ಬಟ್ಟೆ ಹೋಯಿತು. ಇದು ಮೊದಲ ಹಂತ, ಬಿಡಿಸುವುದು.

ಎರಡನೆಯದು ಹೊಸ್ತಿಲು. ವಟು ಭಿಕ್ಷೆ ಬೇಡುತ್ತಾನೆ, ಅದೂ ಹೆತ್ತ ತಾಯಿಯ ಹತ್ತಿರ. ನಿನ್ನೆವರೆಗೂ ಹಕ್ಕಿನಿಂದ ಉಂಡ ಅನ್ನವನ್ನು ಇವತ್ತು ಕೈಯೊಡ್ಡಿ ಕೇಳಬೇಕು. ಕ್ರೈಸ್ತ ಮಗು ನೀರಿನ ಅಡಿಯಲ್ಲಿದೆ. ಯಹೂದಿ ಹುಡುಗ 13 ವರ್ಷ ತುಂಬಿದ ಮೇಲೆ ಮೊದಲ ಬಾರಿಗೆ ಸಿನಗಾಗ್‌ನಲ್ಲಿ ಎಲ್ಲರ ಮುಂದೆ ಎದ್ದು ನಿಂತು ತೋರಾ ಓದಬೇಕು. ತಪ್ಪಿದರೆ ತಿದ್ದುವುದಕ್ಕೆ ಹಿರಿಯರು ಪಕ್ಕದಲ್ಲೇ ಇರುತ್ತಾರೆ. ಮೂರನೆಯದು ಸೇರಿಸುವುದು. ದಾರ, ಹೆಸರು, ಊಟ. ವಟುವಿಗೆ ಜನಿವಾರ, ಪಾರ್ಸಿ ಮಗುವಿಗೆ ಕಸ್ತಿ, ಖಾಲ್ಸಾ ಸೇರಿದವನಿಗೆ ಸಿಂಗ್, ಸೇರಿದವಳಿಗೆ ಕೌರ್. ಇದನ್ನು ಎಲ್ಲರೂ ಎರಡನೇ ಹುಟ್ಟು ಅನ್ನುತ್ತಾರೆ. ನಾವು ದ್ವಿಜ ಅಂದೆವು. ಕ್ರೈಸ್ತರು ಮರುಜನ್ಮ ಅಂದರು. ಅಮೃತ ಸ್ವೀಕರಿಸಿದ ಸಿಖ್ಖರಿಗೆ ಗುರು ಗೋವಿಂದ ಸಿಂಗರೇ ತಂದೆ, ಆನಂದಪುರವೇ ಊರು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು ಅಲ್ವಾ? ಎಲ್ಲ ಧರ್ಮಗಳೂ ಒಂದೇ, ನಮಸ್ಕಾರ ಅಂತ ಹೇಳಿ ಎದ್ದು ಹೋಗಬಹುದಿತ್ತು. ಆದರೆ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ. ಯಂತ್ರ ಒಂದೇ ಆದರೂ ಬಾಗಿಲು ಒಂದೇ ಅಲ್ಲ. ಈ ಎರಡನೇ ಹುಟ್ಟು ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ?

ಮನುಸ್ಮೃತಿ ತೆಗೆದು ನೋಡಿ. ಉಪನಯನಕ್ಕೆ ಬ್ರಾಹ್ಮಣ ಬಾಲಕನಿಗೆ 8ನೇ ವರ್ಷ, ಕ್ಷತ್ರಿಯನಿಗೆ 11, ವೈಶ್ಯನಿಗೆ 12. ನಾಲ್ಕನೆಯವರಿಗೆ ವಯಸ್ಸೇ ಇಲ್ಲ, ಯಾಕಂದರೆ ಉಪನಯನವೇ ಇಲ್ಲ. ಹೆಣ್ಣಿಗೆ ಮದುವೆಯೇ ಉಪನಯನ, ಗಂಡನ ಸೇವೆಯೇ ಗುರುಕುಲವಾಸ. ಹಾಗಂತ ಮೊದಲಿಂದಲೂ ಹೀಗೇ ಇತ್ತಾ? ಹಾರೀತನ ಹೆಸರಿನಲ್ಲಿ ಉಳಿದು ಬಂದಿರುವ ಧರ್ಮಸೂತ್ರದ ಮಾತು ಬೇರೆಯೇ ಇದೆ. ಅದು ಹೆಣ್ಣುಮಕ್ಕಳಲ್ಲಿ ಎರಡು ಬಗೆ ಹೇಳುತ್ತದೆ: ಬ್ರಹ್ಮವಾದಿನಿ ಮತ್ತು ಸದ್ಯೋವಧು. ಬ್ರಹ್ಮವಾದಿನಿಗೆ ಉಪನಯನವೂ ಉಂಟು, ವೇದಾಧ್ಯಯನವೂ ಉಂಟು. ಅಂದರೆ ಬಾಗಿಲು ಇತ್ತು. ಮಧ್ಯದಲ್ಲಿ ಯಾವಾಗಲೋ ಮುಚ್ಚಿತು.

ಬಾಗಿಲು ಮುಚ್ಚಿದ್ದರಿಂದ ಏನಾಗುತ್ತೆ ಅನ್ನುವುದಕ್ಕೆ ಇಡೀ ಭಾರತದ ಇತಿಹಾಸದಲ್ಲೇ ದೊಡ್ಡ ಉದಾಹರಣೆ 1674ರದ್ದು. ರಾಯಗಡ. ಶಿವಾಜಿ ಮಹಾರಾಜರು ಅಷ್ಟು ಹೊತ್ತಿಗೆ ಮೊಘಲರನ್ನು, ಬಿಜಾಪುರದವರನ್ನು ಎದುರಿಸಿ ಗೆದ್ದಿದ್ದರು. ನಮ್ಮ ಬೆಂಗಳೂರನ್ನು ಜಾಗೀರಾಗಿ ಪಡೆದಿದ್ದ ಶಹಾಜಿಯ ಮಗ. ಕೋಟೆಗಳಿವೆ, ಸೈನ್ಯವಿದೆ, ಖಜಾನೆಯಿದೆ. ಆದರೆ ಶಾಸ್ತ್ರೋಕ್ತವಾಗಿ ಪಟ್ಟಾಭಿಷೇಕ ಆಗಬೇಕು ಅಂದಾಗ ಒಂದು ಅಡ್ಡಿ ಎದ್ದಿತು. ಇವರು ಕ್ಷತ್ರಿಯರು ಹೌದೋ ಅಲ್ಲವೋ? ಕ್ಷತ್ರಿಯರಾದರೆ ಉಪನಯನ ಎಲ್ಲಿ?

ಕಾಶಿಯಿಂದ ಗಾಗಾಭಟ್ಟರು ಬಂದರು. ಭೋಸಲೆ ವಂಶ ಮೇವಾಡದ ಸಿಸೋದಿಯರಿಗೆ ಸೇರಿದ್ದು ಅಂತ ವಂಶಾವಳಿ ಮಾನ್ಯವಾಯಿತು. ಪಟ್ಟಾಭಿಷೇಕಕ್ಕೆ ಕೆಲವೇ ದಿನ ಮುಂಚೆ ಶಿವಾಜಿಯ ಉಪನಯನ ನಡೆಯಿತು. 44ನೇ ವಯಸ್ಸಿನಲ್ಲಿ. ಆಗಲೇ ಮದುವೆಯಾಗಿದ್ದ ಹೆಂಡತಿಯರ ಜೊತೆ ವೇದಮಂತ್ರಗಳೊಂದಿಗೆ ಮತ್ತೊಮ್ಮೆ ಮದುವೆಯೂ ಆಯಿತು. ಆಮೇಲೆ ಜೂನ್ 6ರಂದು ಪಟ್ಟ. ಸ್ವಲ್ಪ ನಿಧಾನವಾಗಿ ಯೋಚಿಸಿ. 8 ವರ್ಷದ ಬಾಲಕನಿಗೆ ಅನಾಯಾಸವಾಗಿ ಸಿಗುವ ಒಂದು ದಾರಕ್ಕಾಗಿ, ಸಾಮ್ರಾಜ್ಯ ಕಟ್ಟಿದವನು ಕಾಶಿಯವರೆಗೂ ಹೋಗಬೇಕಾಯಿತು. ಕತ್ತಿಯಿಂದ ರಾಜ್ಯ ಸಿಕ್ಕಿತು. ರಾಜ ಅನ್ನಿಸಿಕೊಳ್ಳುವುದಕ್ಕೆ ಮಾತ್ರ ಇನ್ನೊಬ್ಬರ ಸಹಿ ಬೇಕಿತ್ತು.

ಸಹಿ ಬಿದ್ದ ಮೇಲಾದರೂ ವಿಷಯ ಮುಗಿಯಿತಾ? ಇಲ್ಲ. ಎರಡು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅದೇ ಪ್ರಶ್ನೆ ಕೊಲ್ಹಾಪುರದಲ್ಲಿ ಎದ್ದು ಕೂತಿತು. ಶಿವಾಜಿಯ ಗಾದಿಯ ವಾರಸುದಾರ ಶಾಹು ಮಹಾರಾಜರು ಪಂಚಗಂಗಾ ನದಿಯಲ್ಲಿ ಸ್ನಾನ ಮಾಡುತ್ತಿದ್ದಾಗ ಪುರೋಹಿತರು ಹೇಳುತ್ತಿದ್ದದ್ದು ವೇದಮಂತ್ರ ಅಲ್ಲ, ಪುರಾಣೋಕ್ತ ಮಂತ್ರ. ಯಾಕೆ ಅಂತ ಕೇಳಿದರೆ, ಶೂದ್ರರಿಗೆ ಅಷ್ಟೇ ಇರುವುದು ಅನ್ನೋ ಉತ್ತರ. ರಾಜನಿಗೇ ಈ ಉತ್ತರ! ಇತಿಹಾಸದಲ್ಲಿ ಇದನ್ನು ವೇದೋಕ್ತ ಪ್ರಕರಣ ಅನ್ನುತ್ತಾರೆ. ಶಾಹು ಮಹಾರಾಜರನ್ನು ಬದಲಾಯಿಸಿದ ಘಟನೆಗಳಲ್ಲಿ ಇದು ಮುಖ್ಯವಾದದ್ದು. 1902ರಲ್ಲಿ ಅವರು ತಮ್ಮ ಸಂಸ್ಥಾನದಲ್ಲಿ ಖಾಲಿಯಾಗುವ ಹುದ್ದೆಗಳಲ್ಲಿ ಶೇಕಡ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟು ಆದೇಶ ಹೊರಡಿಸಿದರು. ಮೀಸಲಾತಿಯ ಬಗ್ಗೆ ಇವತ್ತು ಸ್ಟುಡಿಯೋದಲ್ಲಿ ಕೂತು ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ. ಅದರ ಒಂದು ಬೇರು ನದಿ ದಂಡೆಯಲ್ಲಿ ಹೇಳದೇ ಬಿಟ್ಟ ಮಂತ್ರದಲ್ಲಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಇಂಥ ವಿಷಯ ಎತ್ತಿದಾಗಲೆಲ್ಲ ಬರುವ ಮೆಸೇಜ್ ಒಂದೇ. ‘ನಿಮಗೆ ನಮ್ಮ ಧರ್ಮ ಮಾತ್ರ ಸಿಗೋದಾ?’ ಇಲ್ಲ ಸ್ವಾಮಿ. ಬನ್ನಿ, ಯುರೋಪಿಗೆ ಹೋಗೋಣ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ. 1525ರ ಜನವರಿ. ಫೆಲಿಕ್ಸ್ ಮಾನ್ಝ್ ಮತ್ತು ಅವನ ಗೆಳೆಯರ ಗುಂಪು ಒಂದು ಪ್ರಶ್ನೆ ಎತ್ತಿತು. ಹಸುಗೂಸಿಗೆ ಬ್ಯಾಪ್ಟಿಸಂ ಮಾಡಿಸುತ್ತೀರಲ್ಲ, ಆ ಕೂಸಿಗೆ ನಂಬಿಕೆ ಅಂದರೆ ಗೊತ್ತಾ? ತಿಳಿವಳಿಕೆ ಬಂದ ಮೇಲೆ ತಾನಾಗಿ ಒಪ್ಪಿ ಪಡೆದರೆ ತಾನೇ ಅದು ದೀಕ್ಷೆ? ಹೀಗಂದು ಅವರು ಒಬ್ಬರಿಗೊಬ್ಬರು ಹೊಸದಾಗಿ ಬ್ಯಾಪ್ಟಿಸಂ ಕೊಟ್ಟುಕೊಂಡರು. ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಆ ಕಾಲದಲ್ಲಿ ಮಗುವಿನ ಬ್ಯಾಪ್ಟಿಸಂ ಅಂದರೆ ಆ ಊರಿನ ಪ್ರಜೆ ಅಂತ ಮುದ್ರೆ ಒತ್ತಿದ ಹಾಗೆ. ಅದನ್ನು ಪ್ರಶ್ನಿಸಿದರೆ ಊರನ್ನೇ ಪ್ರಶ್ನಿಸಿದಂತೆ. ನಗರ ಸಭೆ ಮರುವರ್ಷ ಕಾನೂನು ಮಾಡಿತು: ಮರು ಬ್ಯಾಪ್ಟಿಸಂಗೆ ಶಿಕ್ಷೆ, ನೀರಿನಲ್ಲಿ ಮುಳುಗಿಸಿ ಕೊಲ್ಲುವುದು. 1527ರ ಜನವರಿಯಲ್ಲಿ ಮಾನ್ಝ್‌ನ ಕೈಕಾಲು ಕಟ್ಟಿ ಲಿಮ್ಮಾಟ್ ನದಿಗೆ ತಳ್ಳಿದರು. ನೀರಿನಿಂದ ಹುಟ್ಟಬೇಕು ಅಂದವನಿಗೆ ನೀರಿನಿಂದಲೇ ಸಾವು. ಕೊಂದವರೂ ಕ್ರೈಸ್ತರು, ಸತ್ತವನೂ ಕ್ರೈಸ್ತ. ಇದ್ದ ಭಿನ್ನಾಭಿಪ್ರಾಯ ಸಂಸ್ಕಾರದ ವಯಸ್ಸಿನ ಬಗ್ಗೆ.

ಮುಸ್ಲಿಮರ ಕಡೆ ಬನ್ನಿ. ಹುಟ್ಟಿದ ಕೂಡಲೇ ಮಗುವಿನ ಕಿವಿಯಲ್ಲಿ ಅಜಾನ್ ಹೇಳುತ್ತಾರೆ. ಗಂಡಾಗಲಿ ಹೆಣ್ಣಾಗಲಿ, ಭೇದವಿಲ್ಲ. ನಮ್ಮ ಕಡೆಯ ಮನೆಗಳಲ್ಲಿ 4 ವರ್ಷ, 4 ತಿಂಗಳು, 4 ದಿನಕ್ಕೆ ಮಾಡುವ ಬಿಸ್ಮಿಲ್ಲಾ ಶಾಸ್ತ್ರ, ಅಂದರೆ ಅಕ್ಷರಾಭ್ಯಾಸ, ಅದೂ ಇಬ್ಬರಿಗೂ ಉಂಟು. ಆದರೆ ಬದುಕಿನ ಕೊನೆಯ ಸಂಸ್ಕಾರಕ್ಕೆ ಬಂದಾಗ? ಅಪ್ಪನ ಜನಾಜಾ ಹೊರಟಾಗ ಮಗಳು ಸಾಮಾನ್ಯವಾಗಿ ಮನೆಯ ಬಾಗಿಲಲ್ಲೇ ನಿಲ್ಲುತ್ತಾಳೆ. ಹಿಂದೂ ಮನೆಯ ಮಗಳೂ ಬಹಳ ಕಾಲ ಅಲ್ಲೇ ನಿಂತಿದ್ದವಳು, ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅಲ್ಲೇ ನಿಂತಿದ್ದಾಳೆ. ಧರ್ಮ ಎರಡು, ಹೊಸ್ತಿಲು ಒಂದೇ.

ಹಾಗಾದರೆ ಬಾಗಿಲು ತೆರೆದವರು ಯಾರೂ ಇಲ್ಲವಾ? ಇದ್ದಾರೆ. ಮೊದಲು ನೆನಪಾಗುವುದು ನಮ್ಮ ನೆಲದವರೇ.

ಬಸವಣ್ಣನವರ ಉಪನಯನದ ಬಗ್ಗೆ ಮೂಲಗಳು ಒಂದೇ ಮಾತು ಹೇಳುವುದಿಲ್ಲ. ಹರಿಹರನ ರಗಳೆಯ ಬಸವ ಹಾಕಿದ್ದ ಜನಿವಾರವನ್ನು ಕಿತ್ತೆಸೆದು ಕಪ್ಪಡಿ ಸಂಗಮದತ್ತ ನಡೆಯುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಸವ ಉಪನಯನವನ್ನೇ ಒಲ್ಲೆ ಅನ್ನುತ್ತಾನೆ. ಜನರ ಬಾಯಲ್ಲಿ ಉಳಿದ ಕಥೆ ಇನ್ನೂ ಮುಂದೆ ಹೋಗುತ್ತದೆ: ಅಕ್ಕ ನಾಗಮ್ಮನಿಗೆ ಯಾಕಿಲ್ಲ ಅಂತ ಆ ಹುಡುಗ ಕೇಳಿದನಂತೆ. ಯಾವುದು ನಡೆದದ್ದು ಅನ್ನುವುದಕ್ಕಿಂತ, ಜನ ಯಾವುದನ್ನು ನೆನಪಿಟ್ಟುಕೊಂಡರು ಅನ್ನೋದು ಇಲ್ಲಿ ಮುಖ್ಯ. ಅವರು ನೆನಪಿಟ್ಟುಕೊಂಡದ್ದು ಆ ಪ್ರಶ್ನೆಯನ್ನು. ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಲಿಂಗಧಾರಣೆ. ಗಂಡಿಗೂ ಹೆಣ್ಣಿಗೂ, ಹುಟ್ಟಿದ ಕೂಸಿಗೂ. ಸಂಪ್ರದಾಯಸ್ಥ ಮನೆಗಳಲ್ಲಿ ಗರ್ಭದಲ್ಲಿರುವ ಮಗುವಿಗೂ ಲಿಂಗ ಸಂಸ್ಕಾರ ಉಂಟು. ಮಗು ಗಂಡೋ ಹೆಣ್ಣೋ ಅಂತ ಗೊತ್ತಾಗುವುದಕ್ಕೆ ಮುಂಚೆಯೇ ದೀಕ್ಷೆ! ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶರಣರು ಪಂಚಸೂತಕಗಳನ್ನೇ ನಿರಾಕರಿಸಿದರು. ಹುಟ್ಟಿನ ಸೂತಕ, ಸಾವಿನ ಸೂತಕ, ಮುಟ್ಟಿನ ಸೂತಕ, ಎಂಜಲ ಸೂತಕ, ಜಾತಿಯ ಸೂತಕ. ಬಾಗಿಲು ಅಗಲ ಮಾಡಿದ್ದಷ್ಟೇ ಅಲ್ಲ, ಹೊಸ್ತಿಲನ್ನೇ ತಗ್ಗಿಸಿದರು.

ಗುರು ನಾನಕರ ಬಗ್ಗೆಯೂ ಸಿಖ್ ಪರಂಪರೆ ಇಂಥದ್ದೇ ಕಥೆ ಹೇಳುತ್ತದೆ. ಜನಿವಾರ ತಂದ ಪುರೋಹಿತರಿಗೆ, ಹರಿಯದ, ಕೊಳೆಯಾಗದ ದಾರ ಇದ್ದರೆ ಕೊಡಿ ಅಂದ ಬಾಲಕ. ಆಮೇಲೆ 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರಿದ್ದೀರಿ ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಬೀದರಿನವರು. ವೃತ್ತಿಯಿಂದ ಕ್ಷೌರಿಕರು, ಹೆಸರು ಸಾಹಿಬ್ ಚಂದ್. ಅಮೃತ ಕುಡಿದು ಭಾಯಿ ಸಾಹಿಬ್ ಸಿಂಗ್ ಆದರು. ಆ ದಿನದ ದೊಡ್ಡ ವಿಷಯ ಅದಾದ ಮೇಲೆ ನಡೆಯಿತು. ಐವರಿಗೆ ಅಮೃತ ಕೊಟ್ಟ ಗುರು ಅದೇ ಐವರ ಮುಂದೆ ಕೈಜೋಡಿಸಿ, ಈಗ ನನಗೆ ಕೊಡಿ ಅಂದರು. ದೀಕ್ಷೆ ಕೊಟ್ಟವನು ತಾನು ದೀಕ್ಷೆ ಕೊಟ್ಟವರಿಂದಲೇ ದೀಕ್ಷೆ ತೆಗೆದುಕೊಂಡ. ಬೇರೆ ಮನೆಗಳಲ್ಲಿ ಮಂಗಳಕಾರ್ಯದ ತಲೆ ಬೋಳಿಸಿದ ಮೇಲೆ ಕ್ಷೌರಿಕನ ಕೆಲಸ ಮುಗಿದುಹೋಗುತ್ತಿತ್ತು. ಅಲ್ಲಿ ಅವನು ಗುರುವಿಗೇ ಅಮೃತ ಕುಡಿಸಿದ.

ಇವು ದೊಡ್ಡ ಹೆಸರುಗಳು. ಆದರೆ ಬಾಗಿಲು ತೆರೆಯುವುದಕ್ಕೆ ಪ್ರತಿ ಸಲವೂ ಮಹಾಪುರುಷರೇ ಹುಟ್ಟಿ ಬರಬೇಕಿಲ್ಲ. 12 ವರ್ಷದ ಹುಡುಗಿಯೊಬ್ಬಳು ಸಾಕು.

1922ರ ಮಾರ್ಚ್ 18. ನ್ಯೂಯಾರ್ಕ್. ಯಹೂದಿ ಧರ್ಮಗುರು ಮೊರ್ಡೆಕೈ ಕಪ್ಲಾನ್ ತಮ್ಮ ಮಗಳು ಜೂಡಿತ್‌ಗೆ, ಗಂಡುಮಕ್ಕಳಿಗೆ ಮಾಡುವ ಬಾರ್ ಮಿಟ್ಸ್‌ವಾದ ಹಾಗೆ ಒಂದು ಬ್ಯಾಟ್ ಮಿಟ್ಸ್‌ವಾ ಮಾಡೇಬಿಡೋಣ ಅಂತ ತೀರ್ಮಾನಿಸಿದ್ದರು. ಇಬ್ಬರು ಅಜ್ಜಿಯರಿಗೂ ಇದು ಗಂಟಲಲ್ಲಿ ಇಳಿಯಲಿಲ್ಲ. ನಿನ್ನ ಮಗನಿಗೆ ನೀನು ಹೇಳು ಅಂತ ಒಬ್ಬರು, ನಿನ್ನ ಅಳಿಯನಿಗೆ ನೀನು ಹೇಳು ಅಂತ ಇನ್ನೊಬ್ಬರು. ಯಾವ ಊರಿನ ಅಜ್ಜಿಯರಾದರೂ ಅಷ್ಟೇ ನೋಡಿ! ಆ ದಿನ ಬಂತು. ಆದರೆ ಜೂಡಿತ್‌ಗೆ ಹುಡುಗರಂತೆ ತೋರಾ ಸುರುಳಿಯಿಂದ ಓದುವ ಅವಕಾಶ ಸಿಗಲಿಲ್ಲ. ವೇದಿಕೆಯ ಕೆಳಗೆ, ಸುರುಳಿಯಿಂದ ದೂರದಲ್ಲಿ ನಿಂತು, ಅಚ್ಚಾದ ಪುಸ್ತಕದಿಂದ ಓದಿದಳು. ಬಾಗಿಲು ಪೂರ್ತಿ ತೆರೆದಿರಲಿಲ್ಲ, ಬಿರುಕು ಬಿಟ್ಟಿತ್ತು ಅಷ್ಟೇ. ಆ ಬಿರುಕಿನಲ್ಲೇ ಮುಂದೆ ಲಕ್ಷಾಂತರ ಹುಡುಗಿಯರು ಒಳಗೆ ಬಂದರು. ಇವತ್ತು ಅಮೆರಿಕದ ಬಹುತೇಕ ಸಿನಗಾಗ್‌ಗಳಲ್ಲಿ ಅದು ಸಾಮಾನ್ಯ ಸಮಾರಂಭ. ಸಂಗೀತ ವಿದ್ವಾಂಸೆಯಾಗಿ ಹೆಸರು ಮಾಡಿದ ಜೂಡಿತ್, 1992ರಲ್ಲಿ, 82ನೇ ವಯಸ್ಸಿನಲ್ಲಿ, ಮತ್ತೊಮ್ಮೆ ಬ್ಯಾಟ್ ಮಿಟ್ಸ್‌ವಾ ಮಾಡಿಕೊಂಡರು. 70 ವರ್ಷ ಕಾದು ಪಡೆದ ಸಂಸ್ಕಾರ.

ಇದುವರೆಗೂ ಒಳಗೆ ಬರುವ ಕಥೆ ಹೇಳಿದೆ. ಹೊರಗೆ ಕಳಿಸುವುದಕ್ಕೂ ಸಂಸ್ಕಾರ ಉಂಟು ಅನ್ನೋದನ್ನು ಮರೆಯುವ ಹಾಗಿಲ್ಲ. ಕನ್ನಡಿಗರಿಗಂತೂ ಮರೆಯಲು ಸಾಧ್ಯವೇ ಇಲ್ಲ. ಘಟಶ್ರಾದ್ಧ. ಬದುಕಿರುವ ಮನುಷ್ಯನಿಗೆ ಶ್ರಾದ್ಧ ಮಾಡಿ, ಮಡಕೆ ಒಡೆದು, ನೀನು ನಮ್ಮ ಪಾಲಿಗೆ ಸತ್ತೆ ಅಂತ ಸಾರುವುದು. ಯು.ಆರ್. ಅನಂತಮೂರ್ತಿಯವರು ಕಥೆ ಬರೆದರು. ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಆ ಕಥೆಯ ಯಮುನಕ್ಕ ವಿಧವೆ, ಗರ್ಭಿಣಿ. ಅವಳನ್ನು ಹೊರಗೆ ಹಾಕುವುದಕ್ಕೆ ಬೈಗುಳ ಬೇಕಾಗಲಿಲ್ಲ. ಮಂತ್ರವೇ ಸಾಕಾಯಿತು. ಅದೇ ಯಂತ್ರ, ಅದೇ ಮೂರು ಹಂತ. ತಲೆ ಬೋಳಿಸುವುದು ಇಲ್ಲೂ ಇದೆ, ಹೊಸ್ತಿಲು ಇಲ್ಲೂ ಇದೆ. ಮೂರನೇ ಹಂತ ಮಾತ್ರ ಇಲ್ಲ. ಬಿಡಿಸಿದರು, ಹೊಸ್ತಿಲಲ್ಲಿ ನಿಲ್ಲಿಸಿದರು. ಎಲ್ಲಿಗೂ ಸೇರಿಸಲಿಲ್ಲ.

ಎಲ್ಲಿಗೂ ಸೇರಿಸದೆ ನಿಲ್ಲಿಸಿದ್ದ ಜನ ತಾವೇ ಎದ್ದು ಇನ್ನೊಂದು ಮನೆಗೆ ನಡೆದ ದಿನವೂ ಒಂದಿದೆ. 1956ರ ಅಕ್ಟೋಬರ್ 14, ನಾಗಪುರ. ಡಾ. ಬಿ.ಆರ್. ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ದೀಕ್ಷೆ ಪಡೆದರು. ಅಲ್ಲಿ ಕೊಟ್ಟ 22 ಪ್ರತಿಜ್ಞೆಗಳನ್ನು ಗಮನಿಸಿ. ಒಂದಷ್ಟು ಬಿಡುವ ಮಾತು, ಒಂದಷ್ಟು ಹಿಡಿಯುವ ಮಾತು. ಇಂಥ ದೇವರನ್ನು ಪೂಜಿಸಲಾರೆ, ಶ್ರಾದ್ಧ ಮಾಡಲಾರೆ ಅನ್ನುವುದು ಬಿಡಿಸಿಕೊಳ್ಳುವುದು. ಸಮತೆಯನ್ನು, ಶೀಲವನ್ನು ಪಾಲಿಸುತ್ತೇನೆ ಅನ್ನುವುದು ಸೇರಿಕೊಳ್ಳುವುದು. ವಾನ್ ಗೆನೆಪ್ ಹೇಳಿದ ಯಂತ್ರವನ್ನು ಇಲ್ಲಿ ಪುರೋಹಿತರು ನಡೆಸಲಿಲ್ಲ. ಹೊಸ್ತಿಲ ಆಚೆ ನಿಂತಿದ್ದವರೇ ಕೈಗೆ ತೆಗೆದುಕೊಂಡರು.

ಇದೆಲ್ಲ ಕೇಳಿದ ಮೇಲೆ ಕೆಲವರು ಅನ್ನಬಹುದು: ಇಷ್ಟೆಲ್ಲ ರಗಳೆ ಯಾಕೆ, ಸಂಸ್ಕಾರಗಳನ್ನೇ ಕಿತ್ತು ಹಾಕಿಬಿಡೋಣ. ಅದನ್ನೂ ಮಾಡಿ ನೋಡಿದ್ದಾರೆ. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರಕ್ಕೆ ದೇವರು ಬೇಕಿರಲಿಲ್ಲ. ಚರ್ಚಿನಲ್ಲಿ ಹದಿಹರೆಯದವರಿಗೆ ಕೊಡುವ ದೀಕ್ಷೆಯ ಎದುರಿಗೆ ಅದು ಏನು ತಂದಿತು ಗೊತ್ತಾ? 1954-55ರಲ್ಲಿ ಯುಗೆಂಡ್‌ವೈಹೆ ಅನ್ನುವ ಇನ್ನೊಂದು ದೀಕ್ಷೆ! 14 ವರ್ಷದ ಮಕ್ಕಳು, ಒಳ್ಳೇ ಬಟ್ಟೆ, ಪ್ರತಿಜ್ಞೆ, ಹೂಗುಚ್ಛ, ಒಂದು ಪುಸ್ತಕದ ಉಡುಗೊರೆ. ಮಾಡಿಸಿಕೊಳ್ಳದಿದ್ದರೆ ಮುಂದಿನ ಓದಿಗೆ ತೊಂದರೆ. ದೇವರನ್ನು ತೆಗೆದರು, ಹೊಸ್ತಿಲನ್ನು ತೆಗೆಯಲು ಆಗಲಿಲ್ಲ. ಆ ದೇಶವೇ ಅಳಿದುಹೋಯಿತು. ಆ ಸಮಾರಂಭವನ್ನು ಅಲ್ಲಿನ ಜನ ಇವತ್ತಿಗೂ ಮಾಡುತ್ತಾರೆ.

ಯಾಕೆ? ಯಾಕಂದರೆ ಮನುಷ್ಯನಿಗೆ ಬದಲಾವಣೆ ಅಂದರೆ ಭಯ. ಮಗ ದೊಡ್ಡವನಾದ, ಮಗಳು ಬೇರೆ ಮನೆ ಸೇರಿದಳು, ಅಪ್ಪ ಇನ್ನಿಲ್ಲ. ಇವನ್ನೆಲ್ಲ ಒಬ್ಬನೇ ತಡೆದುಕೊಳ್ಳಲು ಆಗಲ್ಲ. ನಾಲ್ಕು ಜನ ಬಂದು ನಿಲ್ಲಬೇಕು. ಕೋವಿಡ್ ಕಾಲದಲ್ಲಿ ಆ ನಾಲ್ಕು ಜನ ಬರಲಾಗದೆ ಹೋದಾಗ ಏನಾಯಿತು ಅಂತ ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದೇಹ ದೂರದಿಂದಲೇ ಹೋಯಿತು. ಹಿಂದೂಗಳಿಗೆ ಬಾಯಿಗೆ ನೀರು ಬಿಡಲಾಗಲಿಲ್ಲ, ಮುಸ್ಲಿಮರಿಗೆ ಮೈ ತೊಳೆಸಲಾಗಲಿಲ್ಲ, ಕ್ರೈಸ್ತರಿಗೆ ಕೊನೆಯ ಮುಖ ನೋಡಲಾಗಲಿಲ್ಲ. ಆ ಮನೆಗಳಲ್ಲಿ ದುಃಖ ಇವತ್ತಿಗೂ ಹೊಸ್ತಿಲ ಮೇಲೇ ಕೂತಿದೆ, ಒಳಗೂ ಬಂದಿಲ್ಲ, ಹೊರಗೂ ಹೋಗಿಲ್ಲ. ಹಾಗಾಗಿ ಸಂಸ್ಕಾರ ಬೇಡ ಅನ್ನುವವನಲ್ಲ ನಾನು. ಬೇಕು. ಬೇಕು ಅನ್ನೋ ಕಾರಣಕ್ಕೇ ಅದು ಎಲ್ಲರಿಗೂ ಬೇಕು.

‘ಅನಾದಿ ಕಾಲದಿಂದ ಬಂದದ್ದು, ಬದಲಾಯಿಸುವ ಹಾಗಿಲ್ಲ’ ಅನ್ನುವ ಮಾತು ಎಲ್ಲ ಧರ್ಮದವರ ಬಾಯಲ್ಲೂ ಇದೆ. ಇತಿಹಾಸ ಮಾತ್ರ ಅದನ್ನು ಒಪ್ಪಲ್ಲ. ಕ್ಯಾಥೊಲಿಕ್ ಮಕ್ಕಳು ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದ್ದು 1910ರಲ್ಲಿ, ಪೋಪ್ ಹತ್ತನೇ ಪಿಯುಸ್. ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಜನಿವಾರ ಹಾಕಿದ ಆರ್ಯ ಸಮಾಜ ಹುಟ್ಟಿದ್ದು 1875ರಲ್ಲಿ. ಬ್ಯಾಟ್ ಮಿಟ್ಸ್‌ವಾಕ್ಕೆ 1922, ಖಾಲ್ಸಾಕ್ಕೆ 1699. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಪ್ರಕಾರ ಅವರ ಮಗ ತೇಜಸ್ವಿ ಮದುವೆಯಾದದ್ದು 1966ರಲ್ಲಿ. ಯಾವುದನ್ನು ಅನಾದಿ ಅಂತೀವೋ ಅದರಲ್ಲಿ ಬಹಳಷ್ಟಕ್ಕೆ ತಾರೀಕಿದೆ. ತಾರೀಕಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಅವನೋ ಅವಳೋ ಒಂದು ದಿನ, ‘ಇವರಿಗೆ ಯಾಕಿಲ್ಲ?’ ಅಂತ ಕೇಳಿರುತ್ತಾರೆ.

ಅಂದಹಾಗೆ, ಸುಝಾನ್ ಟಾಟಾ 1923ರಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದು ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ. 1993ರಲ್ಲಿ ತೀರಿಹೋದ ಮಗ ಜೆಆರ್‌ಡಿ ಕೂಡ ಅಲ್ಲೇ ಮಲಗಿದ್ದಾರೆ. ಕೋರ್ಟು ತಾಯಿಯನ್ನೂ ಮಗನನ್ನೂ ಬಾಗಿಲಿನ ಎರಡು ಬದಿಗೆ ನಿಲ್ಲಿಸಿತ್ತು. ಸಾವು ಒಂದೇ ಕಡೆ ಮಲಗಿಸಿತು. ಇನ್ನೂ ಮುಗಿಯಲಿಲ್ಲ. ಬೇರೆ ಧರ್ಮದವರನ್ನು ಮದುವೆಯಾದ ಪಾರ್ಸಿ ಮಗಳು ತಂದೆತಾಯಿಯ ಅಂತ್ಯಕ್ರಿಯೆಗೆ ಬರಬಹುದಾ ಅನ್ನೋ ಪ್ರಶ್ನೆ 2017ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಎದುರೇ ಇತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ವಲ್ಸಾಡದ ಟ್ರಸ್ಟ್ ಬರಬಹುದು ಅಂತ ಒಪ್ಪಿಕೊಂಡಿತು. 1908ರಿಂದ 2017. ಒಂದು ಬಾಗಿಲು ಒಂದಿಷ್ಟು ಸರಿಯುವುದಕ್ಕೆ 109 ವರ್ಷ.

ಮುಂದಿನ ಸಲ ನಿಮ್ಮ ಮನೆಯಲ್ಲಿ ಮುಂಜಿಯೋ, ಅಖೀಖಾವೋ, ಬ್ಯಾಪ್ಟಿಸಂಮೋ, ಲಿಂಗದೀಕ್ಷೆಯೋ ನಡೆದಾಗ ಒಂದು ಕೆಲಸ ಮಾಡಿ. ಊಟ ಮಾಡಿ, ಫೋಟೋ ತೆಗೆಸಿಕೊಳ್ಳಿ, ಹಿರಿಯರ ಕಾಲಿಗೆ ಬೀಳಿ. ಎಲ್ಲ ಆದ ಮೇಲೆ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ. ಅಲ್ಲಿ ಯಾರಾದರೂ ನಿಂತಿರುತ್ತಾರೆ. ಅಕ್ಕನೋ, ವಿಧವೆ ಚಿಕ್ಕಮ್ಮನೋ, ಬೇರೆ ಜಾತಿಯಿಂದ ಬಂದ ಸೊಸೆಯೋ, ಪಾತ್ರೆ ತೊಳೆಯಲು ಬಂದವರೋ. ಅವರನ್ನು ಒಳಗೆ ಕರೆಯುವುದಕ್ಕೆ ಹೈಕೋರ್ಟ್ ಬೇಕಾಗಿಲ್ಲ. ಮನೆಯ ಯಜಮಾನ ಒಂದು ಮಾತು ಅಂದರೆ ಸಾಕು: ಬನ್ನಿ.